ಹೊರಗಿನ ತಿಂಡಿ ಒಳಗೆ ತರಬಾರದು: ರೀಸನ್ ತೆರೆದ ಮೂರು ಬಾಗಿಲು

ರೀಸನ್ ಎಂಬ ಸಂಗೀತದ ಸಾಫ್ಟ್‌ವೇರ್ ಬಳಸಿದವರಿಗೆ ಟ್ಯಾಬ್ ಕೀ ಗೊತ್ತೇ ಇರುತ್ತದೆ. ಅದನ್ನು ಒತ್ತಿದರೆ ಪರದೆಯ ಮೇಲಿನ ಸಲಕರಣೆಗಳೆಲ್ಲ ಒಮ್ಮೆಗೇ ತಿರುಗಿ ಬೆನ್ನು ತೋರಿಸುತ್ತವೆ. ಮುಂದೆ ನಾಬು, ಫೇಡರು, ಮಿಣುಕುವ ದೀಪ. ಹಿಂದೆ ಕೇಬಲ್ಲುಗಳ ರಾಶಿ. ಒಂದನ್ನು ಕಿತ್ತು ಇನ್ನೊಂದು ತೂತಿಗೆ ಸಿಕ್ಕಿಸಿದರೆ ನಿಜವಾದ ವೈರಿನ ಹಾಗೆ ತೂಗಾಡುತ್ತದೆ. ಈ ತೂಗಾಟದಿಂದ ಹಾಡಿಗೆ ನಯಾಪೈಸೆ ಉಪಯೋಗವಿಲ್ಲ. ಆದರೆ ಕಟ್ಟಿದವರಿಗೆ ತಮ್ಮ ಮನೆಯ ಮೇಲೆ ಎಷ್ಟು ಅಕ್ಕರೆ ಇತ್ತು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಆ ಮನೆಗೊಂದು ಕಟ್ಟುಪಾಡೂ ಇತ್ತು. ನಮ್ಮ ಹೋಟೆಲುಗಳ ಗೋಡೆಯ ಮೇಲೆ ಬರೆದಿರುತ್ತಾರಲ್ಲ, 'ಹೊರಗಿನ ತಿಂಡಿ ಒಳಗೆ ತರಬಾರದು' ಅಂತ, ಥೇಟ್ ಅದೇ. 2000ದ ಕೊನೆಯಲ್ಲಿ ಬಂದ ರೀಸನ್‌ನೊಳಗೆ ಬೇರೆ ಯಾರ ವಾದ್ಯವನ್ನೂ, ಸದ್ದಿನ ಬಣ್ಣ ಬದಲಾಯಿಸುವ ಎಫೆಕ್ಟನ್ನೂ ಹಾಕುವಂತಿರಲಿಲ್ಲ. ಈ ಬೋರ್ಡು 2012ರಲ್ಲಿ ಅರ್ಧ ಇಳಿಯಿತು. 2017ರಲ್ಲಿ ಪೂರ್ತಿ ಇಳಿಯಿತು. 2019ರಲ್ಲಿ ಅಡುಗೆಮನೆಯೇ ಎದ್ದು ಪರರ ಮನೆಗೆ ಹೋಯಿತು. ಮೂರರಲ್ಲಿ ನನಗೆ ಮುಖ್ಯ ಅನಿಸುವುದು ಮೊದಲನೆಯದು. ಅಷ್ಟು ಯೋಚನೆ ಮಾಡಿ ಕಟ್ಟಿದ ಬಾಗಿಲು ಈ ಕ್ಷೇತ್ರದಲ್ಲಿ ಅಪರೂಪ. ಆದರೂ ಅದರಿಂದ ಕೆಲಸ ಪೂರ್ತಿ ಆಗಲಿಲ್ಲ. ಯಾಕೆ ಅಂತ ನೋಡೋಣ.

ಸ್ಟಾಕ್‌ಹೋಮ್‌ನ ಪೆಟ್ಟಿಗೆ

ಪ್ರೊಪೆಲ್ಲರ್‌ಹೆಡ್ ಸಾಫ್ಟ್‌ವೇರ್ ಎಂಬ ಕಂಪನಿ 1994ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಶುರುವಾಯಿತು. ಮೊದಲ ಸರಕು ರೀಸೈಕಲ್. ಡ್ರಮ್ಮಿನ ರೆಕಾರ್ಡಿಂಗನ್ನು ಪೆಟ್ಟು ಪೆಟ್ಟಾಗಿ ಕತ್ತರಿಸಿ, ವೇಗ ಹೆಚ್ಚು ಕಡಿಮೆ ಮಾಡಲು ಬಿಡುವ ಪುಟ್ಟ ಸಾಧನ. 1997ರಲ್ಲಿ ರೀಬರ್ತ್ ಬಂತು. ರೋಲ್ಯಾಂಡ್ ಕಂಪನಿಯ ಹಳೆಯ ಟಿಬಿ-303 ಬೇಸ್ ಯಂತ್ರ ಮತ್ತು ಟಿಆರ್-808 ಡ್ರಮ್ ಯಂತ್ರವನ್ನು ಕಂಪ್ಯೂಟರಿನೊಳಗೆ ಮತ್ತೆ ಹುಟ್ಟಿಸಿದ್ದರು, ಹೆಸರೇ ಹೇಳುವ ಹಾಗೆ.

ರೀಬರ್ತ್‌ನ ಕಾಲದ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಿ. ಕೆಲವು ಬಳಕೆದಾರರು ಅದರ ಒಳಹೊಕ್ಕು ಚಿತ್ರಗಳನ್ನೂ ಡ್ರಮ್ ಸದ್ದುಗಳನ್ನೂ ತಮಗೆ ಬೇಕಾದ ಹಾಗೆ ಬದಲಾಯಿಸಿದರು. ಕಂಪನಿ ಅವರ ಮೇಲೆ ಕೇಸು ಹಾಕಲಿಲ್ಲ. ಮುಂದಿನ ಆವೃತ್ತಿಯಲ್ಲಿ ಅದಕ್ಕೆ ತಾನೇ ಅವಕಾಶ ಮಾಡಿಕೊಟ್ಟಿತು. ಅಂದರೆ ಇವರು ಮೊದಲಿಂದಲೂ ಮುಷ್ಟಿ ಬಿಗಿಹಿಡಿದು ಕೂತವರೇನೂ ಅಲ್ಲ.

ಅಷ್ಟರಲ್ಲಿ ಹೊರಗಿನ ಜಗತ್ತು ಬೇರೆ ದಾರಿ ಹಿಡಿದಿತ್ತು. ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1996ರಲ್ಲಿ ತನ್ನ ಸಂಗೀತದ ಸಾಫ್ಟ್‌ವೇರ್ ಕ್ಯೂಬೇಸ್ ಜೊತೆಗೆ ವಿಎಸ್‌ಟಿ ಎಂಬ ವ್ಯವಸ್ಥೆ ತಂದಿತು. ಅದರ ನಿಯಮಗಳನ್ನು ಎಲ್ಲರಿಗೂ ಕೊಟ್ಟಿತು. ಯಾರು ಬೇಕಾದರೂ ಪ್ಲಗಿನ್, ಅಂದರೆ ದೊಡ್ಡ ಪ್ರೋಗ್ರಾಮಿಗೆ ಸಿಕ್ಕಿಸುವ ಪುಟ್ಟ ಪ್ರೋಗ್ರಾಂ, ಬರೆಯಬಹುದು, ಅದು ಕ್ಯೂಬೇಸ್‌ನೊಳಗೆ ಕೂರುತ್ತದೆ. ಮೊದಲಿಗೆ ಎಫೆಕ್ಟು ಮಾತ್ರ. 1999ರ ಎರಡನೇ ಆವೃತ್ತಿಯಲ್ಲಿ ವಾದ್ಯಗಳೂ ಬಂದವು. ಮನೆಯಲ್ಲಿ ಕೂತು ಸಿಂಥ್ (ಸದ್ದನ್ನು ತಾನೇ ಹುಟ್ಟಿಸುವ ಎಲೆಕ್ಟ್ರಾನಿಕ್ ವಾದ್ಯ) ಬರೆದು ಹಂಚುವವರ ಒಂದು ಸಂತೆಯೇ ಸೇರಿತು. ಸಂತೆ ಅಂದಮೇಲೆ ಒಳ್ಳೆಯದೂ ಇರುತ್ತದೆ, ಕೊಳೆತದ್ದೂ ಇರುತ್ತದೆ. ಒಂದು ಕೆಟ್ಟ ಪ್ಲಗಿನ್ ಸಾಕು, ಇಡೀ ಪ್ರೋಗ್ರಾಂ ಮುಚ್ಚಿಕೊಳ್ಳುತ್ತಿತ್ತು. ಸೇವ್ ಮಾಡದ ಹಾಡು ಗೋವಿಂದ.

ರೀಸನ್ ಇದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ ಹೊರಟಿತು. ಸಬ್‌ಟ್ರ್ಯಾಕ್ಟರ್ ಎಂಬ ಸಿಂಥ್, ರೀಡ್ರಮ್ ಎಂಬ ಡ್ರಮ್ ಯಂತ್ರ, ಎನ್‌ಎನ್-19 ಎಂಬ, ರೆಕಾರ್ಡ್ ಮಾಡಿದ ಸದ್ದನ್ನೇ ನುಡಿಸುವ ಸ್ಯಾಂಪ್ಲರ್, ಮಿಕ್ಸರು, ಸದ್ದಿಗೆ ದೊಡ್ಡ ಕೋಣೆಯ ಅನುರಣನ ಕೊಡುವ ರಿವರ್ಬು, ಎಲ್ಲ ಕಪಾಟಿನಂಥ ಒಂದೇ ರ‍್ಯಾಕಿನಲ್ಲಿ. ಎಲ್ಲವನ್ನೂ ಅವರೇ ಬರೆದದ್ದು. ಇದರ ಲಾಭ ಸಣ್ಣದಲ್ಲ. ಸಾಧಾರಣ ಲ್ಯಾಪ್‌ಟಾಪಿನಲ್ಲೂ ಹಗುರವಾಗಿ ಓಡುತ್ತಿತ್ತು. ಕ್ರ್ಯಾಶ್ ಆಗುವುದು ಅಪರೂಪ. ನಿಮ್ಮ ಹಾಡಿನ ಫೈಲನ್ನು ಇನ್ನೊಬ್ಬರಿಗೆ ಕಳಿಸಿದರೆ ಅವರ ಕಂಪ್ಯೂಟರಿನಲ್ಲೂ ಒಂದು ನಾಬು ಆಚೀಚೆ ಆಗದ ಹಾಗೆ ತೆರೆದುಕೊಳ್ಳುತ್ತಿತ್ತು. 'ನಿನ್ನ ಹತ್ರ ಆ ಪ್ಲಗಿನ್ ಇದ್ಯಾ' ಅಂತ ಕೇಳುವ ಪ್ರಮೇಯವೇ ಇರಲಿಲ್ಲ. ಜೊತೆಗೆ ಎಲ್ಲ ಯಂತ್ರಗಳೂ ಒಂದೇ ಕೈಯಿಂದ ಹುಟ್ಟಿದ್ದರಿಂದ ಯಾವುದರ ಕೇಬಲನ್ನು ಯಾವುದಕ್ಕೆ ಬೇಕಾದರೂ ಸಿಕ್ಕಿಸಬಹುದಿತ್ತು. ಡ್ರಮ್ಮಿನ ಪೆಟ್ಟು ಸಿಂಥಿನ ಫಿಲ್ಟರನ್ನು ತೆರೆಯುವ ಹಾಗೆ, ಆ ಫಿಲ್ಟರು ಇನ್ನೊಂದರ ಸದ್ದನ್ನು ಅಲುಗಾಡಿಸುವ ಹಾಗೆ.

ಪೂರ್ತಿ ಮುಚ್ಚಿದ ಮನೆ ಅನ್ನಲೂ ಆಗದು. ಎರಡು ಕಿಟಕಿ ಇದ್ದವು. ಒಂದು ರೀಫಿಲ್. ಇದು ಸದ್ದುಗಳನ್ನೂ ಸೆಟ್ಟಿಂಗುಗಳನ್ನೂ ಕಟ್ಟಿ ಕೊಡುವ ಗಂಟು. ಹೊರಗಿನವರು ರೀಫಿಲ್ ಮಾಡಿ ಮಾರಬಹುದಿತ್ತು, ಮಾರಿದರು ಕೂಡ. ಅಂದರೆ ಹೊರಗಿನ ತರಕಾರಿ ಬರಬಹುದು, ಹೊರಗಿನ ಒಲೆ ಮಾತ್ರ ಬೇಡ. ಇನ್ನೊಂದು ರೀವೈರ್. ಸ್ಟೈನ್‌ಬರ್ಗ್ ಜೊತೆ ಸೇರಿ ಮಾಡಿದ್ದು. ರೀಸನ್‌ನ ಸದ್ದನ್ನು ಅದು ನೇರವಾಗಿ ಕ್ಯೂಬೇಸ್‌ನಂಥ ಪ್ರೋಗ್ರಾಮಿಗೆ ಹರಿಸುತ್ತಿತ್ತು, ತಾಳ ತಪ್ಪದ ಹಾಗೆ. ಒಳಗಿನದು ಹೊರಗೆ ಹೋಗಬಹುದು. ಹೊರಗಿನದು ಒಳಗೆ ಬರುವಂತಿಲ್ಲ.

ಹೀಗೆ ಹತ್ತಕ್ಕೂ ಹೆಚ್ಚು ವರ್ಷ ನಡೆಯಿತು. 2009ರವರೆಗೆ ಹಾಡುವವರ ದನಿಯನ್ನು ರೆಕಾರ್ಡ್ ಮಾಡಲೂ ಇಲ್ಲಿ ದಾರಿ ಇರಲಿಲ್ಲ. ಆ ವರ್ಷ ಅದಕ್ಕೆಂದೇ ರೆಕಾರ್ಡ್ ಎಂಬ ಬೇರೆ ಪ್ರೋಗ್ರಾಂ ತಂದರು. 2011ರ ರೀಸನ್ 6ರಲ್ಲಿ ಎರಡನ್ನೂ ಒಂದು ಮಾಡಿದರು. ಅಲ್ಲಿಗೆ ರೀಸನ್ ಬರೀ ಸದ್ದಿನ ಪೆಟ್ಟಿಗೆಯಾಗಿ ಉಳಿಯಲಿಲ್ಲ, ಪೂರ್ತಿ ಸ್ಟುಡಿಯೋ ಆಯಿತು. ಪೂರ್ತಿ ಸ್ಟುಡಿಯೋ ಅಂದಮೇಲೆ ಜನ ಕೇಳುವುದೂ ಜಾಸ್ತಿಯಾಯಿತು. ಪಕ್ಕದ ಮನೆಯ ಸ್ಟುಡಿಯೋದಲ್ಲಿ ಸಾವಿರಾರು ಪ್ಲಗಿನ್ ಓಡುವಾಗ ಇಲ್ಲಿ ಮಾತ್ರ ಯಾಕಿಲ್ಲ?

ಮೊದಲ ಬಾಗಿಲು: 2012

ಜೂನ್ 2012ರಲ್ಲಿ ರೀಸನ್ 6.5 ಬಂತು. ರೀಸನ್ 6 ಇದ್ದವರಿಗೆ ಉಚಿತ. ಅದರ ಜೊತೆ ಬಂದದ್ದು ರ‍್ಯಾಕ್ ಎಕ್ಸ್‌ಟೆನ್ಷನ್.

ವಿಎಸ್‌ಟಿಯನ್ನೇ ಒಳಗೆ ಬಿಟ್ಟಿದ್ದರೆ ಕೆಲಸ ಸುಲಭವಾಗಿ ಮುಗಿಯುತ್ತಿತ್ತು. ಇವರು ಹಾಗೆ ಮಾಡಲಿಲ್ಲ. ಹೊಸ ನಿಯಮಗಳ ಸೆಟ್ಟೇ ಬರೆದರು. ಅದು ಕೆಲಸ ಮಾಡುವ ರೀತಿ ಹೀಗಿದೆ. ಹೊರಗಿನ ಡೆವಲಪರ್ ತನ್ನ ಸಿಂಥನ್ನೋ ಎಫೆಕ್ಟನ್ನೋ ಸಿ++ ಭಾಷೆಯಲ್ಲಿ ಬರೆಯುತ್ತಾನೆ. ಸಿದ್ಧ ಪ್ರೋಗ್ರಾಮನ್ನು ಬಳಕೆದಾರನಿಗೆ ನೇರವಾಗಿ ಕೊಡುವುದಿಲ್ಲ. ಕೋಡನ್ನು ಬಿಟ್‌ಕೋಡ್ ಎಂಬ ಅರೆಬೆಂದ ರೂಪಕ್ಕೆ ತಂದು ಪ್ರೊಪೆಲ್ಲರ್‌ಹೆಡ್‌ಗೆ ಕಳಿಸುತ್ತಾನೆ. ಕಂಪನಿಯ ಸರ್ವರುಗಳು ಅದನ್ನು ವಿಂಡೋಸ್‌ಗೆ ಬೇರೆ, ಮ್ಯಾಕ್‌ಗೆ ಬೇರೆ ಬೇಯಿಸಿ ಅಂಗಡಿಯಲ್ಲಿ ಇಡುತ್ತವೆ. 32 ಬಿಟ್, 64 ಬಿಟ್ ಅನ್ನುವ ರಗಳೆ ಡೆವಲಪರ್‌ನ ತಲೆಗೆ ಬರುವುದೇ ಇಲ್ಲ. ಆ ವರ್ಷಗಳಲ್ಲಿ ವಿಎಸ್‌ಟಿ ಬಳಸುವವರು ಇದೇ ರಗಳೆಯಲ್ಲಿ ಎಷ್ಟು ಒದ್ದಾಡಿದರು ಅನ್ನುವುದು ಅವರಿಗೇ ಗೊತ್ತು.

ಎರಡನೆಯದು ಬೇಲಿ. ರ‍್ಯಾಕ್ ಎಕ್ಸ್‌ಟೆನ್ಷನ್ ತನ್ನ ಕೋಣೆಯೊಳಗೇ ಓಡುತ್ತದೆ. ನಿಮ್ಮ ಫೈಲುಗಳನ್ನು ಮುಟ್ಟುವಂತಿಲ್ಲ, ಇಂಟರ್ನೆಟ್ಟಿಗೆ ಹೋಗುವಂತಿಲ್ಲ, ತಾನೇ ಒಂದು ಕಿಟಕಿ ತೆರೆದು ಕೂರುವಂತಿಲ್ಲ. ಅದು ಕೆಟ್ಟು ಬಿದ್ದರೂ ರೀಸನ್ ಬೀಳುವುದಿಲ್ಲ, ಹಾಡು ಉಳಿಯುತ್ತದೆ. ಮುಖವೂ ಅಷ್ಟೇ. ಬೇರೆ ಕಂಪನಿಯ ಯಂತ್ರವಾದರೂ ರ‍್ಯಾಕಿನ ಅಗಲಕ್ಕೇ ಇರಬೇಕು, ಟ್ಯಾಬ್ ಒತ್ತಿದಾಗ ತಿರುಗಬೇಕು, ಬೆನ್ನಿನಲ್ಲಿ ತೂತುಗಳಿರಬೇಕು. ಮನೆಗೆ ಬಂದ ಅಳಿಯ ಮನೆಯವರ ಹಾಗೇ ನೆಲದ ಮೇಲೆ ಪಂಕ್ತಿಯಲ್ಲಿ ಕೂರಬೇಕು, ಕುರ್ಚಿ ಬೇಕು ಅನ್ನುವಂತಿಲ್ಲ.

ಕೊಳ್ಳುವವರಿಗೂ ಅನುಕೂಲ ನೋಡಿದ್ದರು. ಒಂದೇ ಅಂಗಡಿ, ಒಂದೇ ಲೈಸೆನ್ಸು, ಕೊಳ್ಳುವ ಮುಂಚೆ 30 ದಿನ ಪೂರ್ತಿ ಬಳಸಿ ನೋಡುವ ಅವಕಾಶ. ಒಂದೊಂದು ಕಂಪನಿಗೂ ಬೇರೆ ಬೇರೆ ಸೀರಿಯಲ್ ನಂಬರು, ಇನ್‌ಸ್ಟಾಲರು, ಲಾಗಿನ್ನು ಇಟ್ಟುಕೊಂಡು ಸುಸ್ತಾದವರಿಗೆ ಇದರ ಬೆಲೆ ತಿಳಿಯುತ್ತದೆ.

ಬಂದವರೂ ಸಣ್ಣವರಲ್ಲ. ಜಪಾನಿನ ಕೋರ್ಗ್ ತನ್ನ ಪಾಲಿಸಿಕ್ಸ್ ಸಿಂಥನ್ನು ತಂದಿತು. ರಾಬ್ ಪ್ಯಾಪನ್‌ನ ಪ್ರಿಡೇಟರ್ ಬಂತು. ಯು-ಹಿ, ಐಝೋಟೋಪ್, ಸಾಫ್ಟ್‌ಟ್ಯೂಬ್, ಸೋನಿಕ್ ಚಾರ್ಜ್ ಬಂದವು. ಆದರೆ ನನ್ನ ಲೆಕ್ಕದಲ್ಲಿ ಈ ಬಾಗಿಲಿನ ನಿಜವಾದ ಫಸಲು ದೊಡ್ಡ ಹೆಸರುಗಳಲ್ಲ. ರೀಸನ್ ಬಳಸುತ್ತಲೇ ಬೆಳೆದು, ಅದಕ್ಕೇ ಯಂತ್ರ ಬರೆಯಲು ಕೂತ ಪುಟ್ಟ ಪುಟ್ಟ ಅಂಗಡಿಯವರು. ಪೆಫ್, ಲೆಕ್ಟ್ರಿಕ್ ಪಾಂಡಾ, ರೊಬೊಟಿಕ್ ಬೀನ್, ಬ್ಲಾಮ್‌ಸಾಫ್ಟ್ ಇಂಥವರು. ಇವರು ಮಾಡಿದ್ದರಲ್ಲಿ ಎಷ್ಟೋ ಯಂತ್ರಗಳು ಸದ್ದನ್ನೇ ಮಾಡುವುದಿಲ್ಲ. ಒಂದು ಯಂತ್ರದಿಂದ ಬಂದ ಕಂಟ್ರೋಲ್ ಸಿಗ್ನಲನ್ನು ಸೀಳಿ, ತಿರುಚಿ, ತಡಮಾಡಿ ಇನ್ನೊಂದಕ್ಕೆ ಕೊಡುತ್ತವೆ. ಹಿಂಬದಿಯಲ್ಲಿ ಕೇಬಲ್ ಇಲ್ಲದ ಕಡೆ ಇಂಥದ್ದಕ್ಕೆ ಅರ್ಥವೇ ಇಲ್ಲ. ಈ ಮನೆಯ ರುಚಿ ಗೊತ್ತಿದ್ದವರೇ ಮಾಡಬೇಕಾದ ಅಡುಗೆ ಅದು.

ಹಾಗಾದರೆ ತೊಡಕು ಎಲ್ಲಿ? ದುಡ್ಡು ಮತ್ತು ದುಡಿಮೆಯಲ್ಲಿ.

ಒಬ್ಬ ಡೆವಲಪರ್ ವಿಎಸ್‌ಟಿ ಬರೆದರೆ ಹತ್ತಾರು ಪ್ರೋಗ್ರಾಮುಗಳಲ್ಲಿ ಓಡುತ್ತದೆ. ಅದೇ ಸಿಂಥನ್ನು ರ‍್ಯಾಕಿಗೆ ತರಬೇಕಾದರೆ ಮುಖವನ್ನು ಮತ್ತೆ ಬಿಡಿಸಬೇಕು, ಒಳಗಿನ ಕೆಲಸವನ್ನು ಹೊಸ ನಿಯಮಕ್ಕೆ ಹೊಂದಿಸಬೇಕು. ಇಷ್ಟೆಲ್ಲ ಒಂದೇ ಮನೆಯ ಗಿರಾಕಿಗಳಿಗಾಗಿ. ಗಿರಾಕಿಯ ಕಡೆಯಿಂದ ನೋಡಿದರೂ ಅದೇ ಕಥೆ. ಪ್ರಿಡೇಟರ್ ಆಗಲೇ ಇದ್ದವನೂ ರ‍್ಯಾಕಿನದನ್ನು ಬೇರೆಯಾಗಿಯೇ ತರಬೇಕು. ಹಾಗೆ ತಂದದ್ದು ಬೇರೆಲ್ಲೂ ಓಡುವುದಿಲ್ಲ.

ಬೇಲಿಯೂ ಅಡ್ಡ ಬಂತು. ಯಾವ ಬೇಲಿ ರೀಸನ್ನನ್ನು ಕಾಯುತ್ತಿತ್ತೋ ಅದೇ ಬೇಲಿ ದೊಡ್ಡ ಪ್ರಾಣಿಗಳನ್ನು ಹೊರಗೇ ನಿಲ್ಲಿಸಿತು. ಶುರುವಿನಲ್ಲಿ ರ‍್ಯಾಕ್ ಎಕ್ಸ್‌ಟೆನ್ಷನ್ ಒಳಗೆ ಬಳಕೆದಾರ ತನ್ನದೇ ಸದ್ದಿನ ತುಣುಕು ಹಾಕುವಂತಿರಲಿಲ್ಲ. ಡಿಸ್ಕಿನಲ್ಲಿ ಹತ್ತಾರು ಜಿಬಿ ಸದ್ದು ಇಟ್ಟುಕೊಂಡು ಬೇಕೆಂದಾಗ ಓದುವ ವಾದ್ಯಗಳಿಗೆ ಇಲ್ಲಿ ಜಾಗ ಇರಲಿಲ್ಲ. ನೇಟಿವ್ ಇನ್‌ಸ್ಟ್ರುಮೆಂಟ್ಸ್‌ನ ಕೊಂಟ್ಯಾಕ್ಟ್, ಸ್ಪೆಕ್ಟ್ರಾಸೋನಿಕ್ಸ್‌ನ ಆಮ್ನಿಸ್ಫಿಯರ್ ಎರಡೂ ರ‍್ಯಾಕ್ ಎಕ್ಸ್‌ಟೆನ್ಷನ್ ಆಗಿ ಬರಲೇ ಇಲ್ಲ. ಸಿನಿಮಾಕ್ಕೆ, ಜಾಹೀರಾತಿಗೆ ಸಂಗೀತ ಮಾಡುವವರ ದಿನದ ಅನ್ನ ಅವು. ಅವಿಲ್ಲದ ಸ್ಟುಡಿಯೋಗೆ ಅವರು ಬರುವುದು ಕಷ್ಟ.

ಇಲ್ಲಿ ಪ್ರೋ ಟೂಲ್ಸ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ನೆನಪಾಗುತ್ತದೆ. ಅದೂ ವಿಎಸ್‌ಟಿಯನ್ನು ಒಳಗೆ ಬಿಟ್ಟಿಲ್ಲ. 2011ರಿಂದ ತನ್ನದೇ ಎಎಎಕ್ಸ್ ಎಂಬ ಮಾದರಿ ಇಟ್ಟುಕೊಂಡಿದೆ, ಅದಕ್ಕೂ ಮುಂಚೆ ಬೇರೆ ಸ್ವಂತ ಮಾದರಿಗಳಿದ್ದವು. ಡೆವಲಪರುಗಳು ಗೊಣಗುತ್ತಲೇ ಅದಕ್ಕೂ ಬರೆದುಕೊಡುತ್ತಾರೆ. ಯಾಕೆಂದರೆ ಜಗತ್ತಿನ ದೊಡ್ಡ ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ಪ್ರೋ ಟೂಲ್ಸ್ ಬೇರು ಬಿಟ್ಟಿದೆ. ಆ ಗಿರಾಕಿಯನ್ನು ಬಿಡಲಾಗದು. ಅಂದರೆ ಸ್ವಂತ ನಿಯಮ ಹೇರುವುದು ನಿಯಮ ಚೆನ್ನಾಗಿದೆಯೋ ಇಲ್ಲವೋ ಅನ್ನುವುದರ ಮೇಲೆ ನಿಲ್ಲಲಿಲ್ಲ. ಹೇರುವವನ ತೂಕದ ಮೇಲೆ ನಿಂತಿತು. ರ‍್ಯಾಕ್ ಎಕ್ಸ್‌ಟೆನ್ಷನ್‌ನ ನಿಯಮ ಎಎಎಕ್ಸ್‌ಗಿಂತ ಬಳಕೆದಾರನಿಗೆ ಎಷ್ಟೋ ಸ್ನೇಹಿ ಅಂತ ನಾನು ಈಗಲೂ ವಾದಿಸುತ್ತೇನೆ. ಆದರೆ ರೀಸನ್‌ಗೆ ಆ ತೂಕ ಇರಲಿಲ್ಲ.

ಎರಡನೇ ಬಾಗಿಲು: 2017

ಮೇ 2017ರಲ್ಲಿ ರೀಸನ್ 9.5 ಬಂತು. ರೀಸನ್ 9 ಇದ್ದವರಿಗೆ ಇದೂ ಉಚಿತ. ಸುದ್ದಿ ಒಂದೇ ಸಾಲಿನದು: ವಿಎಸ್‌ಟಿ ಓಡುತ್ತದೆ. ವರ್ಷಗಟ್ಟಲೆ 'ಇಲ್ಲ' ಕೇಳಿ ಅಭ್ಯಾಸವಾದವರಿಗೆ ನಂಬುವುದೇ ಕಷ್ಟವಾಯಿತು.

ಮಾಡಿದ ರೀತಿಯಲ್ಲಿ ಹಳೆಯ ಅಕ್ಕರೆ ಇತ್ತು. ವಿಎಸ್‌ಟಿ ಪ್ಲಗಿನ್ ರ‍್ಯಾಕಿನಲ್ಲಿ ಒಂದು ಸಲಕರಣೆಯಾಗಿಯೇ ಕೂರುತ್ತದೆ. ಮುಂದೆ ಅದರ ಪುಟ್ಟ ಚಿತ್ರ, ಒತ್ತಿದರೆ ಅದರದೇ ಕಿಟಕಿ ತೆರೆಯುತ್ತದೆ. ಟ್ಯಾಬ್ ಒತ್ತಿದರೆ ಅದಕ್ಕೂ ಬೆನ್ನುಂಟು. ರೀಸನ್‌ನ ಕೇಬಲನ್ನು ತಂದು ಆ ಪ್ಲಗಿನ್ನಿನ ಯಾವುದೋ ನಾಬಿಗೆ ಕಟ್ಟಬಹುದು. ಬೇರೆ ಸಾಫ್ಟ್‌ವೇರುಗಳಲ್ಲಿ ವರ್ಷಗಳಿಂದ ಸುಮ್ನೆ ಕೂತಿದ್ದ ಸಿಂಥನ್ನು ಇಲ್ಲಿ ಡ್ರಮ್ ಯಂತ್ರದ ತಾಳಕ್ಕೆ ಕುಣಿಸಬಹುದಿತ್ತು. ಸದ್ದನ್ನು ತಡವಾಗಿ ಕೊಡುವ ಪ್ಲಗಿನ್ನುಗಳಿಗಾಗಿ ಮಿಕ್ಕ ಟ್ರ್ಯಾಕುಗಳನ್ನು ಕಾಯಿಸುವ ಏರ್ಪಾಡೂ ಇದೇ ಆವೃತ್ತಿಯಲ್ಲಿ ಬಂತು. ಮನೆಯವರೇ ಇದ್ದಾಗ ಬೇಕಿರಲಿಲ್ಲ, ನೆಂಟರು ಬಂದಮೇಲೆ ಬೇಕಾಯಿತು.

ಆದರೆ ಒಂದು ಕಷ್ಟ ಅಡಿಪಾಯದಲ್ಲೇ ಕೂತಿತ್ತು. ಈ ಪ್ರಕರಣದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ಕಂಪ್ಯೂಟರು ಸದ್ದನ್ನು ಒಂದೊಂದೇ ಸ್ಯಾಂಪಲ್ಲಾಗಿ (ಸದ್ದಿನ ಅತಿ ಸಣ್ಣ ಅಳತೆ) ಅಲ್ಲ, ಕಂತು ಕಂತಾಗಿ ತಯಾರಿಸುತ್ತದೆ. ಕಂತು ದೊಡ್ಡದಾದರೆ ಪ್ರೊಸೆಸರಿಗೆ ಆರಾಮ, ಆದರೆ ಕೀ ಒತ್ತಿದ ಮೇಲೆ ಸದ್ದು ಬರುವುದು ತಡ. ಸಾಮಾನ್ಯ ಸಾಫ್ಟ್‌ವೇರಿನಲ್ಲಿ ಈ ಕಂತನ್ನು ಬಳಕೆದಾರನೇ ಆರಿಸುತ್ತಾನೆ, 512 ಸ್ಯಾಂಪಲ್ ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ ಅದು ಸುಮಾರು 11.6 ಮಿಲಿಸೆಕೆಂಡು. ಪ್ಲಗಿನ್ನನ್ನು ಒಮ್ಮೆ ಕರೆದು, 512 ಸ್ಯಾಂಪಲ್ ಮಾಡಿಸಿ, ಕಳಿಸುತ್ತಾರೆ. ರೀಸನ್ ಹಾಗಲ್ಲ. ಹೊರಗಿನ ಕಂತು ಎಷ್ಟೇ ಇರಲಿ, ಒಳಗೆ ರ‍್ಯಾಕು ಯಾವಾಗಲೂ 64 ಸ್ಯಾಂಪಲ್ಲಿನ ಹೆಜ್ಜೆಯಲ್ಲೇ ನಡೆಯುತ್ತಿತ್ತು. 64 ಅಂದರೆ ಸುಮಾರು ಒಂದೂವರೆ ಮಿಲಿಸೆಕೆಂಡು. ಇದರಿಂದ ಕೇಬಲ್ಲಿನಲ್ಲಿ ಹೋಗುವ ಸಿಗ್ನಲ್ ಬೇಗ ಬೇಗ ತಲುಪುತ್ತದೆ, ಒಂದು ಯಂತ್ರ ಇನ್ನೊಂದನ್ನು ಬಿಗಿಯಾಗಿ ಹಿಡಿದು ಆಡಿಸಬಹುದು. ರ‍್ಯಾಕ್ ಎಕ್ಸ್‌ಟೆನ್ಷನ್ ಬರೆದವರೂ ಈ 64ಕ್ಕೇ ಬರೆದರು.

ವಿಎಸ್‌ಟಿ ಬರೆದವರಿಗೆ ಈ ಲೆಕ್ಕ ಗೊತ್ತಿಲ್ಲ. 512ರ ಸೆಟ್ಟಿಂಗಿನಲ್ಲಿ ಒಮ್ಮೆ ಕರೆಯುವ ಕಡೆ ರೀಸನ್ ಎಂಟು ಸಲ ಕರೆಯುತ್ತಿತ್ತು. ಪ್ರತಿ ಸಲ ಕರೆದಾಗಲೂ ಒಂದಿಷ್ಟು ಸಿದ್ಧತೆಯ ಖರ್ಚು. ಭಾರದ ಪ್ಲಗಿನ್ನುಗಳು ಬೇರೆ ಕಡೆ ಸಲೀಸಾಗಿ ಓಡುತ್ತಿದ್ದವು, ಇಲ್ಲಿ ತಿಣುಕಿದವು. ಜನ ಬೈದರು. 'ಬಾಗಿಲು ತೆರೆದಿದ್ದೀರಿ, ಒಳಗೆ ಉಸಿರಾಡಲು ಆಗುತ್ತಿಲ್ಲ' ಅನ್ನುವ ಧಾಟಿ.

ಇದನ್ನು ಸರಿಮಾಡಲು ಸುಮಾರು ಎರಡು ವರ್ಷ ಹಿಡಿಯಿತು. 2019ರ ರೀಸನ್ 10.3ರಲ್ಲಿ ರ‍್ಯಾಕು ಆಡಿಯೋ ಕಾರ್ಡಿನ ಕಂತಿನ ಗಾತ್ರದಲ್ಲೇ ಓಡುವ ಆಯ್ಕೆ ಬಂತು. ಅದನ್ನು ಹಾಕಿಕೊಂಡರೆ ಪ್ಲಗಿನ್ನುಗಳು ಹಗುರ. ತೆಗೆದರೆ ಹಳೆಯ 64ರ ಹೆಜ್ಜೆ. ಕೇಬಲ್ಲಿನ ಚುರುಕು ಮುಖ್ಯವೋ ಪ್ಲಗಿನ್ನಿನ ಆರಾಮ ಮುಖ್ಯವೋ ನೀವೇ ಆರಿಸಿ ಅಂತ ಬಿಟ್ಟರು. ಸೆಟ್ಟಿಂಗ್ಸಿನಲ್ಲಿ ಅದು ಒಂದು ಟಿಕ್ ಅಷ್ಟೇ. ಹದಿನೆಂಟು ವರ್ಷದ ಒಂದು ನಂಬಿಕೆ ಆ ಟಿಕ್ಕಿನ ಪೆಟ್ಟಿಗೆಯೊಳಗೆ ಬಂದು ಕೂತಿತ್ತು.

ಬೇಲಿ ಏನಾಯಿತು? ವಿಎಸ್‌ಟಿಗೆ ಬೇಲಿ ಇಲ್ಲ. ಅದು ಬಿದ್ದರೆ ರೀಸನ್ನನ್ನೂ ಎಳೆದುಕೊಂಡು ಬೀಳಬಹುದು. ಫೈಲು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಆ ಪ್ಲಗಿನ್ ಅಲ್ಲಿರಬೇಕು. ಕಂಪನಿ ಇಷ್ಟು ವರ್ಷ ಹೆದರಿದ್ದು ಸುಮ್ಮಸುಮ್ಮನೆ ಅಲ್ಲ ಅನ್ನುವುದು ಈಗ ಬಳಕೆದಾರರಿಗೂ ತಿಳಿಯಿತು. ಆದರೆ ಯಾರೂ ಬೋರ್ಡು ಮತ್ತೆ ತಗುಲಿಹಾಕಿ ಅನ್ನಲಿಲ್ಲ. ಕ್ರ್ಯಾಶ್ ಆದರೂ ಆಗಲಿ, ನಮಗೆ ನಮ್ಮ ಕೊಂಟ್ಯಾಕ್ಟ್ ಇರಲಿ. ಜನರ ಲೆಕ್ಕ ಅಷ್ಟು ಸರಳವಾಗಿತ್ತು.

ಮೂರನೇ ಬಾಗಿಲು: 2019

ಇದನ್ನು ಚುಟುಕಾಗಿ ಹೇಳಬಹುದು. 2019ರಲ್ಲಿ ಕಂಪನಿ ತನ್ನ ಹೆಸರನ್ನೇ ರೀಸನ್ ಸ್ಟುಡಿಯೋಸ್ ಅಂತ ಬದಲಾಯಿಸಿಕೊಂಡಿತು. ಆ ಸೆಪ್ಟೆಂಬರಿನಲ್ಲಿ ಬಂದ ರೀಸನ್ 11ರ ಜೊತೆ ರೀಸನ್ ರ‍್ಯಾಕ್ ಪ್ಲಗಿನ್ ಬಂತು. ಇಡೀ ರ‍್ಯಾಕು ಈಗ ಒಂದು ಪ್ಲಗಿನ್. ಏಬಲ್‌ಟನ್ ಲೈವ್‌ನಲ್ಲೋ ಕ್ಯೂಬೇಸ್‌ನಲ್ಲೋ ತೆರೆಯಿರಿ, ಟ್ಯಾಬ್ ಒತ್ತಿ, ಕೇಬಲ್ ಎಳೆಯಿರಿ. ರೀವೈರ್‌ನ ಕೆಲಸ ಮುಗಿಯಿತು. 2020ರ ಕೊನೆಗೆ ಅದನ್ನು ನಿಲ್ಲಿಸಿಬಿಟ್ಟರು.

ಇದರಲ್ಲಿ ಒಂದು ತಮಾಷೆ ಇದೆ. ರ‍್ಯಾಕ್ ಪ್ಲಗಿನ್ ಒಳಗೆ ವಿಎಸ್‌ಟಿ ಹಾಕಲು ಬರುವುದಿಲ್ಲ. ಅಲ್ಲಿ ಕೂರುವುದು ರೀಸನ್‌ನ ಸ್ವಂತ ಯಂತ್ರಗಳು ಮತ್ತು ರ‍್ಯಾಕ್ ಎಕ್ಸ್‌ಟೆನ್ಷನ್‌ಗಳು ಮಾತ್ರ. ಪರರ ಮನೆಗೆ ಹೋದರೂ ಹಳೆಯ ಬೋರ್ಡು ಜೊತೆಗೇ ಹೋಯಿತು ಅನ್ನಿ. ಇನ್ನೊಂದು ಕಡೆಯಿಂದ ನೋಡಿದರೆ 2012ರ ಶ್ರಮ ಇಲ್ಲಿ ಫಲ ಕೊಟ್ಟಿತು. 'ಒಂದೇ ಮನೆಗೆ ಯಾಕೆ ಬರೆಯಲಿ' ಅನ್ನುವ ಪ್ರಶ್ನೆಗೆ ರ‍್ಯಾಕ್ ಎಕ್ಸ್‌ಟೆನ್ಷನ್ ಬರೆದ ಪುಟ್ಟ ಅಂಗಡಿಯವರ ಹತ್ತಿರ ಈಗ ಉತ್ತರ ಇತ್ತು. ರ‍್ಯಾಕು ಹೋದ ಕಡೆಗೆಲ್ಲ ಅವರ ಯಂತ್ರವೂ ಹೋಗುತ್ತದೆ. ಆದರೆ ಏಳು ವರ್ಷ ತಡವಾಗಿತ್ತು. ಅಷ್ಟರಲ್ಲಿ ಕೆಲವರು ವಿಎಸ್‌ಟಿ ಕಡೆಗೂ ಕಾಲಿಟ್ಟಿದ್ದರು. ಬ್ಲಾಮ್‌ಸಾಫ್ಟ್ ತನ್ನ ರ‍್ಯಾಕಿನ ಸಿಂಥುಗಳನ್ನು ವಿಎಸ್‌ಟಿಯಾಗಿಯೂ ಹೊರತಂದಿತು.

ರ‍್ಯಾಕ್ ಪ್ಲಗಿನ್ 2012ರಲ್ಲೇ ಬಂದಿದ್ದರೆ? ಬಾಗಿಲು ಮೂರೂ ಸರಿಯೇ, ತೆರೆದ ಕ್ರಮ ತಪ್ಪಿತು ಅಂತ ನನ್ನ ಅನಿಸಿಕೆ. ಮೊದಲು ತಮ್ಮ ರ‍್ಯಾಕನ್ನು ಎಲ್ಲರ ಮನೆಗೂ ಕಳಿಸಿ, ಆಮೇಲೆ 'ಇದಕ್ಕೆ ಯಂತ್ರ ಬರೆಯಿರಿ' ಅಂತ ಕರೆದಿದ್ದರೆ ಕೋರ್ಗ್‌ನಂಥವರಿಗೆ ಗಿರಾಕಿಗಳ ಲೆಕ್ಕ ಬೇರೆಯೇ ಕಾಣುತ್ತಿತ್ತು. ಆದರೆ ಆಗ ರೀಸನ್ ತಾನೇ ಪೂರ್ತಿ ಸ್ಟುಡಿಯೋ ಆಗುವ ಹಂಬಲದಲ್ಲಿತ್ತು. ಆರನೇ ಆವೃತ್ತಿ ಬಂದು ವರ್ಷವೂ ಆಗಿರಲಿಲ್ಲ. ಈಗಷ್ಟೇ ಮನೆ ಕಟ್ಟಿ ಗೃಹಪ್ರವೇಶ ಮಾಡಿದವರಿಗೆ ಹೋಗಿ ಬೇರೆಯವರ ಮನೆಯಲ್ಲಿ ಬಾಡಿಗೆಗಿರಿ ಅಂದರೆ ಕೇಳುತ್ತಾರಾ?

ಎರಡು ಫೈಲು

ಕಳೆದ ತಿಂಗಳು ಒಂದು ಹಳೆಯ ಹಾರ್ಡ್ ಡಿಸ್ಕಿನಲ್ಲಿ ನನ್ನ ಎರಡು ಹಾಡು ಸಿಕ್ಕವು. ಮೊದಲನೆಯದು ರೀಸನ್ 3ರ ಕಾಲದ್ದು. ಹೊಸ ಆವೃತ್ತಿಯಲ್ಲಿ ತೆರೆದೆ. ಒಂದೇ ಸಲಕ್ಕೆ ತೆರೆದುಕೊಂಡಿತು. ಸಬ್‌ಟ್ರ್ಯಾಕ್ಟರ್, ರೀಡ್ರಮ್, ನಾನು ತಪ್ಪಾಗಿ ಸಿಕ್ಕಿಸಿದ್ದ ಒಂದು ಕೇಬಲ್ಲು ಕೂಡ ಅಲ್ಲೇ ಇತ್ತು. ಹಾಡು ಮಾತ್ರ ಈಗ ಕೇಳಲು ನಾಚಿಕೆಯಾಗುವ ಹಾಗಿತ್ತು, ಅದು ಬೇರೆ ಮಾತು.

ಎರಡನೆಯದು 2017ರ ಆಮೇಲಿನದು. ಒಂದು ಪುಟ್ಟ ಕಂಪನಿಯ ವಿಎಸ್‌ಟಿ ರಿವರ್ಬಿನ ಮೇಲೆ ಇಡೀ ಹಾಡು ನಿಂತಿತ್ತು. ಆ ರಿವರ್ಬು ಈಗ ಎಲ್ಲೂ ಸಿಗುವುದಿಲ್ಲ, ನನ್ನ ಇನ್‌ಸ್ಟಾಲರೂ ಕಳೆದುಹೋಗಿದೆ. ಹಾಡು ತೆರೆಯಿತು. ರಿವರ್ಬಿನ ಜಾಗದಲ್ಲಿ ಖಾಲಿ ಸಲಕರಣೆ. ಟ್ಯಾಬ್ ಒತ್ತಿದೆ. ಎಡದ ಕೇಬಲ್ಲು, ಬಲದ ಕೇಬಲ್ಲು ಎರಡೂ ಆ ಖಾಲಿ ಪೆಟ್ಟಿಗೆಯ ಬೆನ್ನಿಗೆ ಸಿಕ್ಕಿಕೊಂಡೇ ಇದ್ದವು, ಸಣ್ಣಗೆ ತೂಗಾಡುತ್ತ.